ತೋಳಿನಳತೆಯಲ್ಲಿ

ಪಾಪೆ ಹಿಗ್ಗಿಸುವ ಔಷಧಿಯ ಹನಿ ಕಣ್ಣಂಚಿನಿಂದ ಜಾರಿ ಕೆನ್ನೆಯ ಮೇಲೆ ತಣ್ಣಗೆ ಇಳಿಯಿತು, ಇಳಿಯುವುದೇ ಒಂದು ಸುಖ, ಅಲ್ಲಿ ಮೇಲೆ ಬಾಹ್ಯಾಕಾಶ ನಿಲ್ದಾಣದಲ್ಲಿ ಕಣ್ಣೀರು ಇಳಿಯುತ್ತಿರಲಿಲ್ಲ, ಗೋಲಿಯ ಹಾಗೆ ಕಣ್ಣಿಗೇ ಅಂಟಿಕೊಂಡು ಕೂರುತ್ತಿತ್ತು, ಬಟ್ಟೆ ಒತ್ತಿ ತೆಗೆಯಬೇಕು, ಅಳುವುದೂ ಒಂದು ಕೆಲಸವೇ — ಗಲ್ಲ ಇಲ್ಲಿಡಿ ಮೇಡಂ, ಹಣೆ ಮುಂದಕ್ಕೆ ಒತ್ತಿ, ಅನ್ನುತ್ತಿದ್ದಾರೆ ಕಣ್ಣಿನ ಡಾಕ್ಟರು, ಹತ್ತಿರ ಬಂದ ಅವರ ಕೈ ಬರೀ ಬಿಳಿ ಮಸುಕು, ಹಿಂದಿನ ಗೋಡೆಯ ಗಡಿಯಾರ ಮಾತ್ರ ನಿಚ್ಚಳ, ಔಷಧಿ ಇನ್ನೂ ಹಿಡಿದಿಲ್ಲ, ನಿನಗೆ ಯಾವತ್ತೂ ದೂರದ್ದೇ ಕಾಣೋದಲ್ವಾ ಅಂದಿದ್ದ ಗಂಡ, ತಮಾಷೆಗೆ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡ, ಅವಳು ನಕ್ಕಿದ್ದಳು, ನಕ್ಕಿದ್ದು ಬಾಯಿ ಮಾತ್ರ. ತೂಕವಿಲ್ಲದ ಕಡೆ ಮೈಯ ನೀರೆಲ್ಲ ತಲೆಯತ್ತ ಏರುತ್ತದೆ, ಮುಖ ಬನ್ನಿನ ಹಾಗೆ ಊದುತ್ತದೆ, ಕಾಲು ಕಡ್ಡಿಯಾಗುತ್ತದೆ, ಕಣ್ಣುಗುಡ್ಡೆಯ ಹಿಂಬದಿ ಚಪ್ಪಟೆಯಾಗುತ್ತದೆ, ಹೇಗೆ ಅಂತ ಖಚಿತವಾಗಿ ಹೇಳುವವರಿಲ್ಲ, ಹಾಗಂತ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ, ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಕಣ್ಣು ಕೆಡುವ ಮೊದಲೇ ಕನ್ನಡಕ ಮಾಡಿಸಿಟ್ಟಿದ್ದರು! ಹೋಗುವ ಪ್ರತಿಯೊಬ್ಬರಿಗೂ ಒಂದು, ಪವರ್ ಮೊದಲೇ ಏರಿಸಿದ್ದು, ಸುಡುಗಾಡು ಮುಂದಾಲೋಚನೆ, ಹತ್ತಿರದ್ದು ಸ್ವಲ್ಪ ಮಂಜಾಗಬಹುದಮ್ಮ, ವಾಪಸ್ ಬಂದ್ಮೇಲೆ ಸರಿಹೋಗುತ್ತೆ ಅಂದಿದ್ದ ತಂಡದ ವೈದ್ಯ, ಅವನಿಗೇನು, ಅವನು ಹೋಗಬೇಕಿತ್ತೇ. ಅವಳೂ ಕಡಿಮೆಯೇನಲ್ಲ, ಯುದ್ಧವಿಮಾನ ಹಾರಿಸಿದ ಹದ್ದಿನ ಕಣ್ಣು, ಕನ್ನಡಕವಂತೆ ಕನ್ನಡಕ, ಸ್ವಂತ ಸಾಮಾನಿನ ಚೀಲಕ್ಕೆ ತೂಕದ ಮಿತಿ, ತಕ್ಕಡಿಯ ಮುಳ್ಳು ಗೆರೆ ದಾಟಿತು, ಒಂದೋ ಕನ್ನಡಕ ಒಂದೋ ಮಣ್ಣಿನ ಹಕ್ಕಿ, ಮಗಳು ಮಾಡಿದ್ದು, ಆಗಿನ್ನೂ ತೊದಲುತ್ತಿದ್ದ ಮಗಳು, ಹಕ್ಕಿಯ ಹೊಟ್ಟೆಯ ಮೇಲೆ ಆ ಪುಟ್ಟ ಹೆಬ್ಬೆರಳಿನ ಗುರುತು, ಕನ್ನಡಕವನ್ನು ಮೇಜಿನ ಮೇಲಿಟ್ಟು ಹೊರಟಳು. ಮೇಲೆ, ಹಕ್ಕಿಯನ್ನು ಮುಖದ ಹತ್ತಿರ ಹಿಡಿದರೆ ದಿನ ಕಳೆದಂತೆ ಕೊಕ್ಕು ಕರಗಿತು, ರೆಕ್ಕೆ ಕರಗಿತು, ಬೆರಳಿನ ಗುರುತೂ ಹೋಯಿತು, ಬಿಟ್ಟರೆ ಅದು ಮೆಲ್ಲಗೆ ತೇಲಿ ಹೋಗಿ ತೋಳಿನಳತೆ ದಾಟಿದ ಮೇಲೆ ಥಟ್ಟನೆ ಕೊಕ್ಕು ಮೂಡುತ್ತಿತ್ತು, ಕೈಬಿಟ್ಟರೇ ಕಾಣುತ್ತಿತ್ತು.

ದೀಪ ನೋಡಿ, ಮಿಟುಕಿಸಬೇಡಿ — ಇಳಿದ ದಿನ ಚಪ್ಪಾಳೆ, ಕ್ಯಾಮೆರಾ, ಆಮೇಲೆ ಯಾರೋ ಎದೆಗೆ ತಂದು ಒತ್ತಿದ ಬೆಚ್ಚನೆಯ ಮಂಜು, ಸೋಪಿನ ವಾಸನೆಯ ಮಂಜು, ಅದು ಮಗಳು. ಕನ್ನಡಕ ಹಾಕ್ಕೊಂಡ್ರೆ ಆಯ್ತಪ್ಪ ಅನ್ನುತ್ತಾರೆ ಎಲ್ಲರೂ, ಹಾಕಿಕೊಂಡಳು, ಅದು ಪುಸ್ತಕದ ದೂರಕ್ಕೆ ಮಾಡಿದ್ದು, ಮಗು ಪುಸ್ತಕದ ದೂರದಲ್ಲಿ ಕೂರುತ್ತದೆಯೇ, ಮೂಗಿಗೆ ಮೂಗು ತಿಕ್ಕುತ್ತದೆ, ಕನ್ನಡಕ ಕಿತ್ತು ಎಸೆಯುತ್ತದೆ, ಮನೆಯಲ್ಲಿ ಚಿನಕುರುಳಿ ಎಂದೇ ಅದರ ಹೆಸರು, ಈ ಆಟ ಕಂಡುಹಿಡಿದದ್ದೂ ಅದೇ, ಮೂಗು ತರಚಿಕೊಂಡದ್ದನ್ನು ತೋರಿಸಲು ಬಂದು, ಎಲ್ಲಿ ಪುಟ್ಟಾ ಎಂದು ಅವಳು ಕಣ್ಣು ಕಿರಿದು ಮಾಡಿದಾಗ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಈಗ ಕಾಣ್ತೀನಾ ಅಮ್ಮಾ, ಈಗ? ಕಂಡೆ ಕಣೇ ಅಂದಾಗ ಕೈ ತಟ್ಟಿ ಕುಣಿಯಿತು, ಅಂದಿನಿಂದ ಅಮ್ಮನಿಗೆ ಮುಖ ತೋರಿಸಬೇಕೆಂದರೆ ಹಿಂದೆ ಸರಿಯುವುದೇ ರೂಢಿ, ಬೇರೆಯವರ ಮಕ್ಕಳು ಓಡಿ ಬರುತ್ತವೆ, ಹೊಟ್ಟೆ ಉರಿಯುತ್ತದೆ. ಇವತ್ತು ಗೊತ್ತಾಗಬೇಕು, ಈ ಮಂಜು ಹೋಗುತ್ತದೋ ಇಲ್ಲವೋ — ಕಣ್ಣಿನ ಹಿಂಭಾಗ ಹೋದ ಸಲ ಹೇಗಿತ್ತೋ ಹಾಗೇ ಇದೆ ಮೇಡಂ, ಡಾಕ್ಟರು ಕುರ್ಚಿ ಹಿಂದೆ ತಳ್ಳಿದರು, ಕೆಲವರಿಗೆ ಸರಿಹೋಗುತ್ತೆ, ಕೆಲವರಿಗೆ ಇಲ್ಲ, ನಿಮಗೆ ಇನ್ನು ಸರಿಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆ ಸುಳ್ಳು ಹೇಳುವವರು ಆಗಲೇ ಹೇಳಿಯಾಗಿದೆ ಡಾಕ್ಟ್ರೇ, ಅನ್ನಲಿಲ್ಲ, ಥ್ಯಾಂಕ್ಸ್ ಅಂದಳು, ಇಷ್ಟು ಮರ್ಯಾದಸ್ಥಳಾಗಿರಲು ಯಾರು ಕಲಿಸಿದರೋ, ಥೂ — ಬಾಗಿಲು, ಉದ್ದನೆಯ ಓಣಿಯಂಥ ಪಡಸಾಲೆ, ಔಷಧಿ ಈಗ ಪೂರ್ತಿ ಹಿಡಿದಿದೆ, ಬೆಳಕು ಚುಚ್ಚುತ್ತಿದೆ, ದೂರದ್ದೂ ಕಲಸಿಹೋಗಿದೆ, ಬೆಂಚಿನ ಮೇಲೆ ಗಂಡ ಇರಬೇಕು, ಅವನ ಮಡಿಲಿಂದ ಇಳಿದ ಕೆಂಪು ಫ್ರಾಕು ಓಡಿ ಬರುತ್ತಿದೆ, ಬಾ, ಬಾರೇ, ಇವತ್ತು ಮುಖ ಕಾಣದಿದ್ದರೂ ಸರಿ, ಬಂದುಬಿಡು, ಅವಳು ಎರಡೂ ತೋಳು ಚಾಚಿದಳು, ಚಾಚಿದ ತೋಳು ಕಂಡು ಕೆಂಪು ಗಕ್ಕನೆ ನಿಂತಿತು, ಆಟ ನೆನಪಾಯಿತೇನೋ, ಹಿಂದೆ ಸರಿಯಿತು, ಈಗ ಕಾಣ್ತೀನಾ ಅಮ್ಮಾ, ಇನ್ನೊಂದು ಹೆಜ್ಜೆ, ಈಗ, ಇನ್ನೊಂದು, ಕೆಂಪು ಚುಕ್ಕಿ, ಅದರ ಬೆನ್ನು ಗೋಡೆಗೆ ತಾಗಿತು, ಇನ್ನು ಸರಿಯಲು ಜಾಗವಿಲ್ಲ, ಈಗ, ಅಮ್ಮಾ, ಈಗ?