ಐದನೆಯ ಅಮಾವಾಸ್ಯೆ

ಹಾರ್ಡ್ ಡಿಸ್ಕಿನ ನೀಲಿ ದೀಪ ಎರಡು ಸಲ ಹತ್ತಿ ಆರಿತು. ಅಜರುದ್ದೀನ ವೈರು ಕಿತ್ತು, ತುದಿಗೆ ಬಾಯಿಂದ ಗಾಳಿ ಊದಿ, ಮತ್ತೆ ಚುಚ್ಚಿದ.

"ತಡೀರಿ ಅಕ್ಕಾರ. ಮುದುಕ ಆಗ್ಯದ, ಏಳಾಕ ಟೈಮ್ ತಗೋತದ."

ಭಾಗ್ಯಜ್ಯೋತಿ ಪ್ಲಾಸ್ಟಿಕ್ ಸ್ಟೂಲಿನ ಅಂಚಿನಲ್ಲಿ ಕೂತಿದ್ದಳು. ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರಿನ ಸಣ್ಣ ಸ್ಟುಡಿಯೋ ಅದು. ಗೋಡೆಗೆ ಹಿಮದ ಬೆಟ್ಟದ ಪರದೆ, ಮೊಳೆಗೆ ಪಾಸ್‌ಪೋರ್ಟ್ ಫೋಟೋ ತೆಗೆಸುವವರಿಗೆಂದು ತೂಗುಹಾಕಿದ ಒಂದು ಕರಿ ಕೋಟು. ಮೈದುನನ ಮದುವೆಯ ವಿಡಿಯೋ ಬೇಕೆಂದು ಅವಳು ಕೇಳಿದಾಗ ಅಜರುದ್ದೀನ ನಕ್ಕಿದ್ದ.

"ಮದಿವಿ ಮಾಡ್ಕೊಂಡವ್ರು ಇನ್ನ ಕೂಡೇ ಇದ್ದಾರಿಲ್ರಿ? ಇಷ್ಟ ವರ್ಷದ ಮ್ಯಾಲ ವಿಡಿಯೋ ಕೇಳೋರು ಅಂದ್ರ ಬರೇ ಕೋರ್ಟಿಗಿ ಹೋಗೋರು."

"ಪುಣೆದಾಗ ಆರಾಮ ಇದ್ದಾರ. ನನಗ ಅವರು ಬ್ಯಾಡ. ನನ್ನ ಮಗಳು ಎಲ್ಲೆರ ಕಾಣ್ತಾಳೇನ ನೋಡಬೇಕು."

"ಆಲ್ಬಮ್ ಕೊಟ್ಟಿದ್ದೆ ಅಲ್ರಿ?"

"ಹೊಳಿ ಬಂದಾಗ ಹೋತು. ಫೋನೂ ಹೋತು."

ಅವನು ಮತ್ತೇನೂ ಕೇಳಲಿಲ್ಲ. ಈ ಕಡೆ ಅಷ್ಟು ಹೇಳಿದರೆ ಸಾಕು.

ಕರೋನಾ ವರ್ಷದ ಅಕ್ಟೋಬರಿನಲ್ಲಿ ಭೀಮಾ ಹೊಳೆ ಊರೊಳಗೆ ನುಗ್ಗಿದಾಗ ಮಗಳು ಶರಣಮ್ಮ, ಮನೆಯವರ ಬಾಯಲ್ಲಿ ಶರಣಿ, ಮೂರು ತುಂಬಿದ ಕೂಸು. ಮಾಳಿಗೆಯಿಂದ ದೋಣಿಗೆ ಇಳಿಯುವಾಗ ಭಾಗ್ಯಜ್ಯೋತಿಯ ಸೊಂಟದಿಂದ ಜಾರಿ ರಾಡಿ ನೀರಿಗೆ ಬಿದ್ದಳು. ಒಂದು ಉಸಿರಿನಷ್ಟು ಹೊತ್ತು ಕಾಣಲಿಲ್ಲ. ದೋಣಿಯವನು ಕೂದಲು ಹಿಡಿದು ಎತ್ತಿದ. ಅಂದಿನಿಂದ ಮನೆಯಲ್ಲಿ ಎಲ್ಲದಕ್ಕೂ ಒಂದೇ ಉತ್ತರವಾಯಿತು. ಮಾತಾಡುವುದಿಲ್ಲವೇಕೆ, ಹೊಳಿಗಿ ಅಂಜ್ಯಾಳ. ಮಿಕ್ಸರ್ ಹಾಕಿದರೆ ಕಿವಿ ಮುಚ್ಚುತ್ತಾಳೇಕೆ, ಹೊಳಿಗಿ ಅಂಜ್ಯಾಳ. ದಿನವಿಡೀ ಚಮಚ, ಬಾಟಲಿ ಮುಚ್ಚಳ, ಚಪ್ಪಲಿ ಸಾಲು ಹಚ್ಚುತ್ತಾಳೇಕೆ, ಸಾಲು ಕೆಡಿಸಿದರೆ ಗೋಡೆಗೆ ತಲೆ ಬಡಿದುಕೊಳ್ಳುತ್ತಾಳೇಕೆ. ಅಂಜ್ಯಾಳ. ಆ ಒಂದು ಮಾತಿನ ಹಿಂದೆ ಯಾರೂ ಬಾಯಿಬಿಟ್ಟು ಆಡದ ಇನ್ನೊಂದು ಮಾತಿತ್ತು. ಕೈ ಜಾರಿದ್ದು ತಾಯಿಯದು. ಗಂಡ ಸಿದ್ದಲಿಂಗ ಈ ವಿಷಯ ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು.

ಸೊಲ್ಲಾಪುರದ ಒಬ್ಬ ಡಾಕ್ಟರು ಎರಡು ನಿಮಿಷ ನೋಡಿ, ಮಂದಬುದ್ಧಿ ಎಂದು ಬರೆದು ಟಾನಿಕ್ ಕೊಟ್ಟರು. ಕಲಬುರಗಿಯಲ್ಲಿ ಮಾತು ಕಲಿಸುವವರೊಬ್ಬರು ಶರಣಿಯ ಗದ್ದ ಹಿಡಿದೆತ್ತಿ "ನನ್ನ ನೋಡು, ನನ್ನ ನೋಡು" ಎಂದರು. ಸಾಲು ಹಚ್ಚುವ ಸಾಮಾನೆಲ್ಲ ಬಚ್ಚಿಡಿ, ಚಟ ಬಿಡುತ್ತದೆ ಎಂದರು. ಬಚ್ಚಿಟ್ಟರು. ಶರಣಿ ತನ್ನ ಕೈ ತಾನೇ ಕಚ್ಚಿಕೊಂಡಳು. ಕೊನೆಗೆ ಅತ್ತೆ ಗಂಗಾಬಾಯಿ ತನ್ನ ದಾರಿ ಹಿಡಿದಳು.

"ಕೂಸಿನ ಮಾತು ಹೊಳಿಯಾಗ ಬಿದ್ದದ. ಹೊಳಿಗೇ ಹೋಗಿ ಕೇಳಬೇಕು."

ಐದು ಅಮಾವಾಸ್ಯೆ ಹೊಳೆದಂಡೆಯ ಘತ್ತರಗಿಗೆ ಹೋಗಿ, ಹೊಳೆಯಲ್ಲಿ ಮೂರು ಮುಳುಗು ಹಾಕಿಸಿ, ಭಾಗ್ಯವಂತಿ ದೇವಿಯ ದರ್ಶನ ಮಾಡಿಸುತ್ತೇನೆಂದು ಬೇಡಿಕೊಂಡಳು. ನಾಲ್ಕು ಮುಗಿದಿದ್ದವು. ನಾಲ್ಕನೆಯದರ ಮೇಲೆ ಶರಣಿಗೆ ಜ್ವರ ಹತ್ತಿ, ಐದನೆಯದು ಹಿಂದೆ ಬಿದ್ದಿತ್ತು. ಅದೀಗ ನಾಡಿದ್ದು, ಶನಿವಾರ. ಬಾಡಿಗೆಗೆ ಟಂಟಂ ಗಾಡಿ ಹೇಳಿಯಾಗಿತ್ತು.

ಇಂಥ ಮಕ್ಕಳನ್ನು ನೋಡುವ ಮಸರತ ಮೇಡಂ ಸಿಕ್ಕಿದ್ದು ಇದರ ನಡುವೆ. ಗುರುವಾರಕ್ಕೊಮ್ಮೆ ಕಲಬುರಗಿಯಿಂದ ಬಂದು, ಅಫಜಲಪುರದಲ್ಲಿ ಒಂದು ಮೆಡಿಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಊರ ಅಂಗನವಾಡಿಯಾಕೆ ಹೇಳಿ ಕಳಿಸಿದ್ದಳು. ಮೊದಲ ದಿನ ಆಕೆ ಗದ್ದ ಹಿಡಿಯಲಿಲ್ಲ, ಹೆಸರೂ ಕೇಳಲಿಲ್ಲ. ಸೀರೆ ಮುದುರಿಕೊಂಡು ನೆಲದ ಮೇಲೆ ಕೂತರು. ಶರಣಿ ಗೋಡೆಯುದ್ದಕ್ಕೆ ಮುಚ್ಚಳ ಹಚ್ಚುತ್ತಿದ್ದಳು. ಬಹಳ ಹೊತ್ತಿನ ಮೇಲೆ ಮೇಡಂ ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಸಾಲಿನ ಕೊನೆಗೆ ಇಟ್ಟು ಕೈ ಹಿಂದೆ ತಗೊಂಡರು. ಶರಣಿ ನೋಡಿದಳು. ಬೆರಳ ತುದಿಯಿಂದ ಅದನ್ನು ಒಂದು ನೂಲಿನಷ್ಟು ಸರಿಸಿದಳು. ಬಿಸಾಡಲಿಲ್ಲ.

"ಮನ್ಯಾಗ ಜಾಗ ಕೊಟ್ಟಂಗ ಆತು ನೋಡ್ರಿ ನನಗ," ಎಂದರು ಮೇಡಂ.

ಭಾಗ್ಯಜ್ಯೋತಿಗೆ ಅಳು ಬಂದಿತ್ತು. ಹೋದ ಗುರುವಾರ ಆಕೆ ಕೇಳಿದರು, "ಹೊಳಿ ಬರೂಕಿಂತ ಮುಂಚಿ ಹ್ಯಾಂಗಿದ್ಳು?"

"ಛಲೋ ಇದ್ಳ್ರಿ. ಎಲ್ಲಾ ಹುಡುಗ್ರಂಗ. ಮಾತಾಡ್ತಿದ್ಳು."

"ಏನೇನು ಮಾತಾಡ್ತಿದ್ಳು?"

ಅವ್ವ, ಹಾಲ, ಬ್ಯಾಡ. ಹೇಳಹೋದರೆ ಮೂರೇ ಮಾತು ನೆನಪಾದವು. ವರ್ಷ ಕಳೆದಂತೆ ಮನೆಯವರ ಬಾಯಲ್ಲಿ ಅವು ಮೂವತ್ತಾಗಿದ್ದವು.

"ನಿಮ್ಮ ನೆನಪ ಸುಳ್ಳು ಅನ್ನಂಗಿಲ್ಲ ನಾನು. ಆದ್ರ ಆಗ ತಗದ ವಿಡಿಯೋ ಯಾವುದಾದ್ರೂ ಇದ್ರ ತರ್ರಿ. ಅಂಜಿಕಿ ಬ್ಯಾರೆ, ಹುಟ್ಟಿದ ರೀತಿ ಬ್ಯಾರೆ. ಹೊರಗಿಂದ ನೋಡಿದ್ರ ಎರಡೂ ಒಂದೇ ತರಾ ಕಾಣ್ತಾವ."

ನೀಲಿ ದೀಪ ನಿಂತು ಉರಿಯಿತು.

"ಎದ್ದ ನೋಡ್ರಿ ಮುತ್ಯಾ," ಎಂದ ಅಜರುದ್ದೀನ. ಮದುವೆಯ ಹೆಸರಿನ ಫೋಲ್ಡರ್ ತೆರೆಯಿತು. ಎಡಿಟ್ ಮಾಡಿದ ವಿಡಿಯೋ ಎರಡು ಗಂಟೆಯದು. ಹಾರ, ಅಕ್ಷತೆ, ಊಟದ ಪಂಕ್ತಿ. ಎಲ್ಲರ ಮಕ್ಕಳೂ ಇದ್ದರು. ಶರಣಿ ಎಲ್ಲಿಯೂ ಇರಲಿಲ್ಲ.

"ಇದ್ರಾಗ ಇಲ್ಲಂದ್ರ ಕತ್ತರಿಸಿದ್ದರಾಗ ಇರ್ತಾಳ. ನಾ ಏನೂ ಅಳಸಂಗಿಲ್ಲ. ನಮ್ಮನಿಯಾಕಿ ಬೈತಾಳ, ಕಸಾ ಇಟ್ಕೊಂಡ ಕುಂತಾನ ಅಂತ." ಅವನು ಇನ್ನೊಂದು ಫೋಲ್ಡರ್ ತೆರೆದ. ತುಂಡು ತುಂಡು ಚಿತ್ರಗಳು ಓಡಿದವು. ಬ್ಯಾಂಡಿನವರ ಮುಂದೆ ಹುಡುಗರು ಕುಣಿಯುತ್ತಿದ್ದರು. ಕ್ಯಾಮೆರಾ ಅವರನ್ನು ದಾಟಿ ಹಂದರದ ಬಾಯಿಗೆ ಬಂತು. ಅಲ್ಲಿ ಬಿಟ್ಟ ನೂರಾರು ಚಪ್ಪಲಿಗಳ ನಡುವೆ ಹಳದಿ ಫ್ರಾಕಿನ ಕೂಸು.

ಶರಣಿ ಚಪ್ಪಲಿ ಜೋಡಿಸುತ್ತಿದ್ದಳು. ದೊಡ್ಡವು ಮೊದಲು, ಸಣ್ಣವು ಆಮೇಲೆ, ಎಲ್ಲದರ ಮೂತಿ ಒಂದೇ ಕಡೆಗೆ. ಸಾಲು ಕಂಬದಿಂದ ಕಂಬಕ್ಕೆ ಮುಟ್ಟಿತ್ತು. ಬ್ಯಾಂಡಿನ ಡೋಲು ಜೋರಾದಾಗ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ತೂಗಿದಳು. ಯಾರೋ ಬಂದು ತನ್ನ ಚಪ್ಪಲಿ ಮೆಟ್ಟಿಕೊಂಡು ಹೋದ. ಅವಳು ಚೀರಿ ತಲೆಯನ್ನು ಕಂಬಕ್ಕೆ ಬಡಿದಳು.

ಆಗ ಕ್ಯಾಮೆರಾದ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿತು. ಎಳೆಯ ದನಿ, ಅವಸರದ್ದು.

"ಅಣ್ಣಾ, ಅಕಿನ್ನ ತಗೀಬ್ಯಾಡ್ರಿ. ಬೀಗರು ನೋಡ್ತಾರ. ಯಾವಾಗ್ಲೂ ಹಿಂಗೇ ಮಾಡ್ತಾಳ ಅಕಿ. ಆ ಕಡೆ ತಿರಗಿಸ್ರಿ."

ಕ್ಯಾಮೆರಾ ತಿರುಗಿತು. ಬ್ಯಾಂಡಿನವರು ಮತ್ತೆ ಬಂದರು.

ಅಜರುದ್ದೀನ ಪರದೆ ನೋಡಿದ, ಅವಳನ್ನು ನೋಡಿದ. ಆ ದನಿ ಭಾಗ್ಯಜ್ಯೋತಿಯದೇ. ಮದುವೆ ಆದದ್ದು ಫೆಬ್ರುವರಿಯಲ್ಲಿ. ಹೊಳೆ ಬಂದದ್ದು ಎಂಟು ತಿಂಗಳ ಮೇಲೆ. ಯಾವಾಗಲೂ ಹಿಂಗೇ ಮಾಡ್ತಾಳ. ಅಂದರೆ ತನಗೆ ಗೊತ್ತಿತ್ತು. ಗೊತ್ತಿದ್ದದ್ದು ಎಲ್ಲಿ ಹೋಯಿತು? ಕೈ ಜಾರಿದ ಆ ಒಂದು ಉಸಿರು, ಅದರ ಹಿಂದಿನ ಮೂರು ವರ್ಷವನ್ನು ಪೂರಾ ನುಂಗಿಬಿಟ್ಟಿತ್ತು.

"ಇನ್ನೊಂದಿಷ್ಟು ಅದ," ಎಂದ ಅವನು ಮೆಲ್ಲಗೆ. "ನೋಡ್ತೀರೇನ್ರಿ?"

ಊಟದ ಕಡೆ ಕೈ ತೊಳೆಯಲು ಇಟ್ಟ ನೀಲಿ ಡ್ರಮ್ಮು. ಇಟ್ಟಿಗೆ ಏರಿ ನಿಂತ ಶರಣಿ ಹೆಗಲಿನವರೆಗೆ ಕೈ ಅದ್ದಿದ್ದಳು. ಸ್ಟೀಲಿನ ಗ್ಲಾಸು ತುಂಬಿ ತನ್ನ ತಲೆಯ ಮೇಲೆ ತಾನೇ ಸುರಿದುಕೊಂಡಳು. ನೀರು ಕಣ್ಣು ಮೂಗಿನ ಮೇಲೆ ಇಳಿಯಿತು. ಅವಳು ನಕ್ಕಳು. ಹೊಟ್ಟೆಯಿಂದ ಬಂದ ನಗು, ಬಿಕ್ಕಳಿಕೆಯಂತೆ ಬಿಟ್ಟು ಬಿಟ್ಟು. ಮತ್ತೆ ತುಂಬಿದಳು, ಮತ್ತೆ ಸುರಿದುಕೊಂಡಳು.

ಆ ನಗುವನ್ನು ಭಾಗ್ಯಜ್ಯೋತಿ ಐದು ವರ್ಷದಿಂದ ಕೇಳಿರಲಿಲ್ಲ. ಇಂಥ ನಗು ಇತ್ತೆಂಬುದನ್ನೂ ಮರೆತಿದ್ದಳು.

"ನಂದೂ ಒಂದು ಹುಡುಗಿ ಅದ," ಎಂದು ಅಜರುದ್ದೀನ ಎರಡೂ ತುಂಡುಗಳನ್ನು ಅವಳ ಫೋನಿಗೆ ಹಾಕಿಕೊಟ್ಟ. "ರೊಕ್ಕ ಬ್ಯಾಡ, ಹೋಗ್ರಿ."

ಮೆಡಿಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಸರತ ಮೇಡಂ ಮೊದಲ ತುಂಡನ್ನು ಮೂರು ಸಲ ನೋಡಿದರು. ಎರಡನೆಯದನ್ನು ನೋಡುವಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದ ವಿಡಿಯೋದಾಗ ಎಲ್ಲಾ ತಿಳಿಯಂಗಿಲ್ಲ. ಇನ್ನೂ ಪರೀಕ್ಷಾ ಅದಾವ, ಮಾಡೋಣ. ಆದ್ರ ನೋಡ್ರಿ, ಸಾಲು ಹಚ್ಚೂದು, ಕಿವಿ ಮುಚ್ಚೂದು, ಮಾತು ಕಮ್ಮಿ ಇರೂದು, ಇದು ಹೊಳಿ ಕೊಟ್ಟದ್ದಲ್ಲ. ಅಕಿ ಹುಟ್ಟಿದ್ದೇ ಹಂಗ. ಆಟಿಸಂ ಅಂತಾರ. ಅದು ಅಕಿ ಇರೂ ರೀತಿ. ಬಿಡಿಸೂದಲ್ಲ, ಅದರ ಜೋಡಿ ಬಾಳ್ವಿ ಮಾಡೂದು. ನಿಮ್ಮ ಕೈ ಜಾರಿದ್ದಕ್ಕ ಬಂದದ್ದಲ್ಲ ಅದು."

ಆರು ತಿಂಗಳ ಹಿಂದೆ ಈ ಮಾತು ಕೇಳಿದ್ದರೆ ಅವಳು ಆಕೆಯ ಕಾಲಿಗೆ ಬೀಳುತ್ತಿದ್ದಳು. ಈಗ ಅವಳ ಪ್ರಶ್ನೆ ಬೇರೆ ಇತ್ತು. "ನೀರು?"

"ನೀರಿಗಿ ಏನ್ ಮಾಡ್ತಾಳ ಈಗ?"

"ಜಳಕಾ ಅಂದ್ರ ಇಬ್ಬರು ಹಿಡೀಬೇಕ್ರಿ. ಹಟಾ ಅಂತ ತಿಳದೀವಿ."

"ಹೊಳಿ ಕೊಟ್ಟದ್ದು ಅದು. ನೀರಿಗಿ ನಗತಿದ್ದ ಹುಡುಗಿ ಅಕಿ. ಅದಕ್ಕ ಔಷಧ ಬೇಕು. ಔಷಧ ಅಂದ್ರ ಗುಳಗಿ ಅಲ್ಲ, ಸಬರ್ ಬೇಕು, ಭಾಳ ತಾಳ್ಮಿ. ಒಂದೊಂದ ಹನಿಯಿಂದ ಶುರು ಮಾಡಬೇಕು."

ಭಾಗ್ಯಜ್ಯೋತಿಯ ತುಟಿಗಳು ಎಣಿಸುತ್ತಿದ್ದವು. ಮೇಡಂ ಕಾದರು.

"ನಾಲ್ಕ ಅಮಾಸಿ," ಎಂದಳು ಕೊನೆಗೆ. "ಅಮಾಸಿಗಿ ಮೂರ ಸಲ. ನಮ್ಮತ್ತಿ ಮೂಗು ಹಿಡೀತಿದ್ರು, ನಾ ಕಾಲು. ಹೊಳಿಯಾಗ ಮುಳಗಿಸೀವಿ ಅಕಿನ್ನ. ಅಂಜಿಕಿ ಹೋಗ್ಲಿ ಅಂತ."

ಬರೆಯುತ್ತಿದ್ದ ಪೆನ್ನು ನಿಂತಿತು. ಹೊರಗೆ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿಗೆ ಚೌಕಾಸಿ ಮಾಡುತ್ತಿದ್ದರು. ಬೈಯುತ್ತಾರೆಂದು ಭಾಗ್ಯಜ್ಯೋತಿ ಕುತ್ತಿಗೆ ಬಗ್ಗಿಸಿದ್ದಳು. ಮೇಡಂ ಕೈ ಚಾಚಿ ಅವಳ ಮಣಿಕಟ್ಟು ಹಿಡಿದರು.

"ಇನ್ನ ಮ್ಯಾಲ ಬ್ಯಾಡ್ರಿ ತಂಗಿ."

"ನಾಡದು ಐದನೇದು ಅದ."

"ಬ್ಯಾಡ."

ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಗಂಗಾಬಾಯಿ ಪಡಸಾಲೆಯಲ್ಲಿ ಕೂತು ಘತ್ತರಗಿಯ ಗಂಟು ಕಟ್ಟುತ್ತಿದ್ದಳು. ತೆಂಗಿನಕಾಯಿ, ಊದಿನಕಡ್ಡಿ, ಶರಣಿಗೆ ಒಂದು ಒಣ ಟವೆಲ್ಲು. ಅಂಗಳದಲ್ಲಿ ಶರಣಿ ಮನೆಯವರ ಚಪ್ಪಲಿಗಳನ್ನೆಲ್ಲ ಗೋಡೆಗುಂಟ ಜೋಡಿಸುತ್ತಿದ್ದಳು.

"ಎಲ್ಲಿಗಿ ಹೋಗಿದ್ದಿ ಬೇ? ರೊಟ್ಟಿ ನಾನೇ ಬಡದೀನಿ, ನಿನ್ನ ಗಂಡ ಹೊಲದಾಗಿಂದ ಬರೂ ಹೊತ್ತು."

"ಅತ್ತಿ, ಇದ ಒಂದಿಷ್ಟ ನೋಡ್ರಿ."

"ಕಣ್ಣ ಕಾಣಂಗಿಲ್ಲ ನನಗ ಆ ಫೋನಿನಾಗ."

"ಕಾಣ್ತದ. ನೋಡ್ರಿ."

ದನಿಯಲ್ಲಿ ಏನಿತ್ತೋ, ಗಂಗಾಬಾಯಿ ಗಂಟು ಬಿಟ್ಟು ಫೋನು ಹಿಡಿದಳು. ಚಪ್ಪಲಿಯ ಸಾಲು ನೋಡಿದಳು. ಅಂಗಳದ ಸಾಲು ನೋಡಿದಳು. "ಇದ ಯಾವಾಗಿಂದು?"

"ನಿಮ್ಮ ಸಣ್ಣ ಮಗನ ಮದಿವಿದು. ಹೊಳಿ ಬರೂಕಿಂತ ಮುಂಚಿಂದು."

ಭಾಗ್ಯಜ್ಯೋತಿಯ ದನಿ ಬಂದಾಗ ಮುದುಕಿ ತಲೆ ಎತ್ತಿ ಸೊಸೆಯ ಮುಖ ನೋಡಿದಳು. ಸೊಸೆ ಕಣ್ಣು ತಪ್ಪಿಸಲಿಲ್ಲ. "ನಾನೇ ಅದು," ಎಂದಳು. ಆಮೇಲೆ ನೀಲಿ ಡ್ರಮ್ಮು ಬಂತು, ಗ್ಲಾಸು ಬಂತು, ನಗು ಬಂತು. ಅಂಗಳದಲ್ಲಿದ್ದ ಶರಣಿ ಆ ಸದ್ದಿಗೆ ಒಂದು ಗಳಿಗೆ ಕೈ ನಿಲ್ಲಿಸಿದಳು.

"ನೀರಿಗಿ ನಗತಿದ್ಳೇನ ಅಕಿ?"

"ಹೌದ್ರಿ. ಚಪ್ಪಲ್ ಜೋಡಿಸೂದು ಅಕಿ ಗುಣ. ಅಂಜಿಕಿ ಅಂದ್ರ ನೀರಿಂದು ಒಂದೇ ಇತ್ತು. ನಾವು ಅಕಿನ್ನ ಅದರಾಗೇ..."

ಗಂಗಾಬಾಯಿ ಫೋನನ್ನು ನೆಲಕ್ಕಿಟ್ಟು ತನ್ನ ಬಲಗೈ ಎತ್ತಿ ನೋಡಿಕೊಂಡಳು. ಹೆಬ್ಬೆರಳು, ತೋರುಬೆರಳು. ಮೂಗು ಹಿಡಿಯುವಾಗ ಕೂಡುವ ಎರಡು ಬೆರಳು. ಅವುಗಳನ್ನು ಸೆರಗಿಗೆ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು.

"ನಾಲ್ಕನೇ ಸಲ ಅಕಿ ಒದ್ದಾಡಲಿಲ್ಲ," ಎಂದಳು. "ಸುಮ್ಮ ಆದ್ಳು. ಗುಣ ಹತ್ತಾಕತ್ತದ ಅಂತ ತಿಳದೆ ನಾನು."

ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾಡು ಹಚ್ಚಿಕೊಂಡು ಹೋಯಿತು. ಶರಣಿ ಕಿವಿ ಮುಚ್ಚಿಕೊಂಡಳು. ಅದು ದಾಟಿದ ಮೇಲೆ ಕೈ ತೆಗೆದಳು. ಗಂಗಾಬಾಯಿ ಗಂಟು ಬಿಚ್ಚಿ, ಕಾಯನ್ನು ದೇವರ ಗೂಡಲ್ಲಿಟ್ಟು, ಒಣ ಟವೆಲ್ಲನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಟಂಟಂದವಗ ಫೋನ್ ಹಚ್ಚು," ಎಂದಳು. "ಬರಬ್ಯಾಡ ಅನ್ನು."

ಭಾಗ್ಯಜ್ಯೋತಿ ಒಳಗೆ ಹೋಗಿ ತಂಬಿಗೆಯಲ್ಲಿ ಎರಡು ಬೆರಳು ನೀರು ತಂದಳು. ಅಂಗಳಕ್ಕೆ ಇಳಿದು, ಸಾಲಿನಿಂದ ಮೊಳ ದೂರದಲ್ಲಿ ನೆಲದ ಮೇಲೆ ಕೂತಳು. ಶರಣಿ ತಂಬಿಗೆಯನ್ನು ನೋಡಿ ಬೆನ್ನನ್ನು ಗೋಡೆಗೆ ಒತ್ತಿದಳು. ತಾಯಿ ಹತ್ತಿರ ಸರಿಯಲಿಲ್ಲ. ಸಾಲಿನ ಕೊನೆಗೆ, ಗಂಗಾಬಾಯಿಯ ಸವೆದ ಚಪ್ಪಲಿಯ ಪಕ್ಕಕ್ಕೆ ತಂಬಿಗೆ ಇಟ್ಟು, ಕೈ ಹಿಂದಕ್ಕೆ ತಗೊಂಡಳು.

ಕಾದಳು. ಗೋಡೆಯ ನೆರಳು ಚಪ್ಪಲಿಗಳನ್ನು ಒಂದೊಂದಾಗಿ ದಾಟಿ ಬಂತು. ಸಿದ್ದಲಿಂಗ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ತಾಯಿಯನ್ನೂ ಹೆಂಡತಿಯನ್ನೂ ನೋಡಿ, ಒಳಗೆ ಕಾಲಿಡದೆ ಅಲ್ಲೇ ನಿಂತ.

ಶರಣಿ ಗೋಡೆ ಬಿಟ್ಟು ಕುಕ್ಕರಗಾಲಲ್ಲಿ ಬಂದಳು. ಬೆರಳ ತುದಿಯಿಂದ ತಂಬಿಗೆಯನ್ನು ಒಂದು ನೂಲಿನಷ್ಟು ಸರಿಸಿದಳು. ಒಳಗಿನ ನೀರು ಅಲುಗಿತು. ಥಟ್ಟನೆ ಕೈ ಎಳೆದುಕೊಂಡು, ಅದು ನಿಲ್ಲುವವರೆಗೂ ನೋಡುತ್ತ ಕೂತಳು. ನಿಂತ ಮೇಲೆ, ಬಾಗಿಲಲ್ಲಿ ಅಪ್ಪ ಬಿಟ್ಟ ಮಣ್ಣು ಮೆತ್ತಿದ ಚಪ್ಪಲಿ ತಂದು ತಂಬಿಗೆಯ ಆಚೆ ಬದಿಗೆ ಇಟ್ಟಳು.