ಗೀರಿದ ಅಕ್ಷರ

“ಏನೋ ಸೋಮ್ಲಾ, ಕೋಳಿ ಕೆರೆದಂಗಿದೆ! ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ಲಿಪಿ ಕಂಡುಹಿಡಿದವ್ನೆ, ನೋಡ್ರಪ್ಪಾ!”

ಸೂಪರ್‌ವೈಸರ್ ರುದ್ರೇಶ್ ನನ್ನ ಲೇತ್ ಮಷೀನಿನ ಪುಸ್ತಕ ಎತ್ತಿ ಹಿಡಿದು ಹೀಗೆಂದಾಗ ಎರಡೂ ಶಿಫ್ಟಿನವರು ಅಲ್ಲೇ ಇದ್ದರು. ನಕ್ಕರು. ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲಾಗುತ್ತದೆ. ಹೋಗುವವನು ಅಳತೆ, ತೊಂದರೆ ಎಲ್ಲ ಬರೆದಿಡಬೇಕು, ಬರುವವನು ಓದಬೇಕು.

ನನ್ನ ನಂತರ ಬರುತ್ತಿದ್ದವನು ಹನುಮೇಶ. ನಮ್ಮದು ಒಂದೇ ತಾಂಡಾ. ಶಾಲೆಯಲ್ಲಿ ಲಂಬಾಣಿ ಮಾತಾಡಿದ್ದಕ್ಕೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಮಾತನ್ನು ಬರೆಯಲು ಇಲ್ಲಿಗೆ ಬಂದ ಮೇಲೆ ನಾನೇ ಅಕ್ಷರ ಮಾಡಿಕೊಂಡೆ, ಅಂಕಿಗಳನ್ನೂ. ಉಕ್ಕಿನ ಮೇಲೆ ಗೀರುವ ಮೊಳೆ ದುಂಡಗೆ ತಿರುಗುವುದಿಲ್ಲ, ಅದಕ್ಕೆ ನನ್ನವೆಲ್ಲ ನೆಟ್ಟಗಿನ ಗೆರೆ. ಕೆಟ್ಟ ತುಂಡುಗಳ ಮೇಲೆ ಗೀರಿ ಗೀರಿ ಹನುಮೇಶನಿಗೆ ಕಲಿಸಲು ಎಂಟು ತಿಂಗಳು ಹಿಡಿಯಿತು. ಆಮೇಲೆ ಪುಸ್ತಕ ಪೂರ್ತಿ ಅದರಲ್ಲೇ.

ನಿನ್ನೆ ಹೇಳದೆ ಕೇಳದೆ ಅವನನ್ನು ಬೇರೆ ಮಷೀನಿಗೆ ಹಾಕಿದರು. ಅವನ ಜಾಗಕ್ಕೆ ಬಂದ ಗುರುರಾಜನಿಗೆ ಪುಸ್ತಕ ತಿಳಿಯಲಿಲ್ಲ. ನಲವತ್ತು ಶಾಫ್ಟ್ ಕೆಟ್ಟವು. ತಪ್ಪು ನನ್ನದೇ, ಇಲ್ಲ ಅನ್ನುವುದಿಲ್ಲ. ಆದರೆ ಕೋಳಿ ಕೆರೆದದ್ದಲ್ಲ ಅದು.

“ಇದನ್ನ ಇನ್ಯಾವನಾದ್ರೂ ಓದ್ತಾನೇನ್ರೋ? ಒಬ್ಬ ಓದಿದ್ರೂ ಬರವಣಿಗೆ ಅಂತ ಒಪ್ತೀನಿ.”

ನಾನು ಹನುಮೇಶನನ್ನೇ ನೋಡಿದೆ. ಒಂದು ಸಾಲು ಓದಿದ್ದರೆ ಸಾಕಿತ್ತು. ಪುಸ್ತಕ ಅವನ ಮುಖದ ಮುಂದೆ ಬಂತು. ಅವನು ಶೂ ನೋಡಿಕೊಂಡ.

“ನಂಗೊತ್ತಿಲ್ರಿ ಸಾರ್. ಏನೋ ಗೀಚ್ಯಾನ್ರಿ.”

“ಕೇಳಿಸ್ತಾ? ನಾಳೆಯಿಂದ ಕನ್ನಡದಲ್ಲಿ ಬರಿ. ಇಲ್ಲಾಂದ್ರೆ ಗೇಟ್ ಆಚೆ.”

ಕೂಗಾಡಬೇಕೆನಿಸಿತು. ಎಂಟು ಗಂಟೆ ನಿಂತ ಮೈಗೆ ಅದೂ ಆಗಲಿಲ್ಲ. ನಲ್ಲಿಯ ಹತ್ತಿರ ಕೈಯ ಎಣ್ಣೆ ತೊಳೆಯುತ್ತಿದ್ದಾಗ ಹನುಮೇಶ ಪಕ್ಕಕ್ಕೆ ಬಂದು ನಮ್ಮ ಮಾತಿನಲ್ಲಿ ಪಿಸುಗುಟ್ಟಿದ.

“ಓದಿದ್ನೋ ತಮ್ಮಾ. ‘ಟೂಲ್ ಸವೆದೈತಿ, ಮೊದಲ್ನೇ ಪೀಸ್ ಅಳದು ನೋಡು’ ಅಂತ ಬರ್ದಿ, ಹೌದಿಲ್ಲೋ? ಆ ಗುರುರಾಜ ಹಂಗ ಮಾಡಿದ್ರ ಒಂದೂ ಕೆಡ್ತಿದ್ದಿಲ್ಲ. ಮುಂದಿನ ತಿಂಗಳು ನನ್ ಕಾಂಟ್ರ್ಯಾಕ್ಟ್ ಮುಗೀತದ, ನಾ ಏನ್ ಮಾಡ್ಲಿ? ಒಂದ್ ಮಾತರ ಆಡೋ.”

ಒಂದಕ್ಷರ ತಪ್ಪಿಲ್ಲದೆ ಓದಿದ್ದ. ನಾನು ಕೈ ಒರೆಸಿಕೊಂಡೆ. ಅವನ ಕಡೆ ತಿರುಗದೆ ಗೇಟು ದಾಟಿ ಲಗ್ಗೆರೆಯ ನನ್ನ ರೂಮಿನ ಕಡೆ ನಡೆದೆ.