ಏಳನೆಯ ತಂತಿ

"ಶುಕ್ರವಾರ ಮೂರನೇ ತೊಟ್ಟಿ ಖಾಲಿ ಮಾಡಿಸ್ಬಿಡಿ," ಎಂದರು ನಮ್ಮ ಸಿಗಡಿ ಮರಿ ಕೇಂದ್ರದ ಮ್ಯಾನೇಜರ್ ಪೊನ್ಸಿಯಾನೊ ಸರ್, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ನನಗೆ. "ಕಂಪ್ಯೂಟರ್ ಕಾಯದೇ ಇರೋ ತೊಟ್ಟಿ ನನಗೆ ಬೇಡ."

ಆ ತೊಟ್ಟಿಯಲ್ಲಿ ನಲವತ್ತು ತಾಯಿ ಸಿಗಡಿಗಳಿದ್ದವು. ನಾವೆಲ್ಲ ಮನಾಂಗ್, ಅಂದರೆ ಅಕ್ಕ, ಎನ್ನುವ ಕೊಂಚಿಂಗ್ ಮೂರು ತಿಂಗಳು ಚಿಪ್ಪಿನ ಮಾಂಸ ಕೊಚ್ಚಿ ತಿನ್ನಿಸಿ ಸಾಕಿದವು. ಇನ್ನೊಂದು ವಾರಕ್ಕೆ ಮೊಟ್ಟೆ ಇಡುತ್ತಿದ್ದವು. ತೊಟ್ಟಿ ಹೋದರೆ ಅವಳ ಕೆಲಸವೂ ಹೋಗುತ್ತಿತ್ತು.

ಆ ವರ್ಷ ಫಿಲಿಪೀನ್ಸಿನ ನಮ್ಮ ಇಲೊಯಿಲೊದಲ್ಲಿ ದಿನವೂ ಕರೆಂಟು ಹೋಗುತ್ತಿತ್ತು. ಹೋಗಿ ಬಂದಾಗ ನೀರಿಗೆ ಗಾಳಿ ಊದುವ ಯಾವುದಾದರೊಂದು ಪಂಪು ಸದ್ದಿಲ್ಲದೆ ನಿಂತೇ ಇರುತ್ತಿತ್ತು. ಆಮ್ಲಜನಕ ಇಳಿದರೆ ಕಂಪ್ಯೂಟರು ಕೂಗಬೇಕು. ಎರಡು ತೊಟ್ಟಿಗಳಿಗೆ ಕೂಗುತ್ತಿತ್ತು. ಮೂರನೆಯದಕ್ಕೆಂದು ಮನಿಲಾದ ಕಂಪನಿಯ ಇಂಜಿನಿಯರ್ ತಿಯೊಂಗ್‌ಸನ್ ಕಂಪ್ಯೂಟರಿನೊಳಗೆ ಹೊಸ ಕಾರ್ಡು ಕೂಡಿಸಿದ್ದ.

ತೊಟ್ಟಿಯ ಆಮ್ಲಜನಕ ಅಳೆಯುವ ಮೀಟರು ಮಾತಾಡುವ ಮೊದಲು ಗಂಟೆ ಬಾರಿಸಿ ಕಂಪ್ಯೂಟರನ್ನು ಕರೆಯಬೇಕು. ಅದಕ್ಕೆಂದು ಒಳಗೆ ನಂಬರು ಹಾಕಿದ ತಂತಿಗಳಿವೆ. ಒಂದನೇ ತೊಟ್ಟಿಯದು ನಾಲ್ಕನೇ ತಂತಿ. ಹೊಸ ಕಾರ್ಡೂ ಅದೇ ನಾಲ್ಕನ್ನು ಎಳೆಯುತ್ತಿತ್ತು. ಮೂರನೇ ತೊಟ್ಟಿ ಮಾತಾಡಿದೊಡನೆ ಒಂದನೆಯದು ಮೂಕವಾಗುತ್ತಿತ್ತು.

"ಈ ಮುದುಕಿ ಎರಡಕ್ಕಿಂತ ಜಾಸ್ತಿ ತಡ್ಕೊಳ್ಳಲ್ಲ ಮಿಸ್," ಎಂದಿದ್ದ ಆತ, ಕಂಪ್ಯೂಟರಿನ ತಲೆ ತಟ್ಟುತ್ತಾ. "ಹೊಸದು ತಗೊಳ್ಳಿ."

"ಕಾರ್ಡಿನ ಮೇಲೆ ಏಳು ಅಂತಾನೂ ಇದೆಯಲ್ಲ?"

"ಅದು ಪ್ರಿಂಟರ್‌ದು. ಕಾರ್ಡಿನ ಪುಸ್ತಕದಲ್ಲೇ ಬರೆದಿದೆ. ಓದೋಕೆ ಬರುತ್ತೆ ತಾನೆ?"

ಮುಚ್ಚಳಕ್ಕೆ ಸಹಿ ಮಾಡಿದ ಕಾಗದದ ಸೀಲು ಅಂಟಿಸಿ ಹೊರಟುಹೋದ.

ನಾನು ಹೆದರುವವಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗುವವಳು. ಗುರುವಾರ ಮಧ್ಯಾಹ್ನ ಮನಾಂಗ್ ಜೊತೆ ಅನ್ನ, ಒಣಮೀನು ತಿನ್ನುತ್ತಾ ಆ ಸೀಲನ್ನೇ ನೋಡುತ್ತಿದ್ದೆ.

"ಯಾಕೆ ಇಂದೈ, ಯಾಕೆ ಮಗಳೇ, ತುತ್ತು ಇಳೀತಾ ಇಲ್ವಾ?"

"ಏಳನೇ ತಂತೀಲಿ ಜಾಗ ಇದೆ ಮನಾಂಗ್. ಆದ್ರೆ ಅದು ಪ್ರಿಂಟರಿನ ಹೆಸರಲ್ಲಿದೆ."

"ಪ್ರಿಂಟರು ಅಲ್ಲಿ ಕೂರುತ್ತಾ?"

ನಾನು ತಟ್ಟೆ ಕೆಳಗಿಟ್ಟೆ.

"ನಮ್ಮ ಚರ್ಚಿನ ಮುಂದಿನ ಬೆಂಚಿಗೆ ಕಬ್ಬಿನ ತೋಟದ ಧಣಿಗಳ ಹೆಸರಿನ ಹಿತ್ತಾಳೆ ಫಲಕ ಇದೆ, ನೋಡಿದ್ದೀಯಲ್ಲ? ಹನ್ನೊಂದು ವರ್ಷದಿಂದ ಒಬ್ಬರೂ ಬಂದಿಲ್ಲ. ನಾನು ಪ್ರತಿ ಭಾನುವಾರ ಅಲ್ಲೇ ಕೂರೋದು. ಗಂಟೆ ಹೊಡೆಯೋನು ಬಂದು ಏಳಮ್ಮ ಅಂದ. ಧಣಿಗಳು ಬಂದು ಕೇಳಲಿ, ಏಳ್ತೀನಿ ಅಂದೆ." ಮೀನಿನ ಮುಳ್ಳು ಪಕ್ಕಕ್ಕಿಟ್ಟಳು. "ಮಂಡಿ ನೋವು ಕಣೇ. ಹಿಂದೆ ನಿಂತ್ಕೊಳ್ಳೋಕಾಗಲ್ಲ."

ಪುಸ್ತಕ ತೆಗೆದು ಮತ್ತೆ ಓದಿದೆ. ಏಳನೇ ತಂತಿ ಪ್ರಿಂಟರಿಗೆ ಮೀಸಲು ಎಂದಿತ್ತು. ನಮ್ಮ ಪ್ರಿಂಟರು ಅದನ್ನು ಬಳಸುತ್ತದೆ ಎಂದು ಎಲ್ಲಿಯೂ ಇರಲಿಲ್ಲ. ಮೀಸಲು, ಬಳಕೆ: ಎರಡು ಬೇರೆ ಬೇರೆ ಮಾತು.

ಸೀಲು ಹರಿದೆ.

ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಟ್ಟೆ. ಎರಡು ಸಲ ಎಣಿಸಿದೆ. ಕಾರ್ಡಿನ ಮೇಲೆ ನಾಲ್ಕರ ಕಡ್ಡಿಗಳಿಗೆ ಹಾಕಿದ್ದ ಅಕ್ಕಿಕಾಳಿನಷ್ಟು ಕಪ್ಪು ಟೋಪಿಯನ್ನು ಮನಾಂಗ್ ಕೊಟ್ಟ ಚಿಮಟದಿಂದ ಕಿತ್ತು ಏಳಕ್ಕೆ ತೊಡಿಸಿದೆ. ಪ್ರೋಗ್ರಾಮಿನಲ್ಲೂ ನಾಲ್ಕನ್ನು ಅಳಿಸಿ ಏಳು ಎಂದು ಬರೆದೆ. ಪರದೆಯ ಮೇಲೆ ಮೂರು ಅಂಕಿಗಳು ಬಂದವು. ನಂಬಲಿಲ್ಲ. ಪ್ರಿಂಟರಿಗೆ ಇಡೀ ತಿಂಗಳ ವರದಿ ಕೊಟ್ಟೆ. ಅದು ಕರಕರ ಎಂದು ಹನ್ನೆರಡು ಹಾಳೆ ಉಗುಳಿತು. ಅಷ್ಟೂ ಹೊತ್ತು ಮೂರು ಅಂಕಿಗಳೂ ನಿಲ್ಲದೆ ಬದಲಾಗುತ್ತಿದ್ದವು.

"ಕೇಳ್ತಾ ಜಾಗ ಬಿಡು ಅಂತ?" ಎಂದಳು ಮನಾಂಗ್.

"ಇಲ್ಲ."

ಶುಕ್ರವಾರ ಒಂಬತ್ತಕ್ಕೆ ಇಬ್ಬರು ಆಳುಗಳು ಪೈಪು ಹೊತ್ತು ಬಂದರು. ಹಿಂದೆಯೇ ಸರ್ ಬಂದರು. ಹರಿದ ಸೀಲು ಅವರ ಕಣ್ಣಿಗೆ ಮೊದಲು ಬಿತ್ತು.

"ಯಾರು ಹೇಳಿದ್ದು ನಿಮಗೆ ಇದನ್ನ ಬಿಚ್ಚೋಕೆ?"

"ಯಾರೂ ಹೇಳಲಿಲ್ಲ ಸರ್. ನಾನೇ ಬಿಚ್ಚಿದೆ. ಮೂರೂ ತೊಟ್ಟಿ ಕಾಣ್ತಿದೆ, ನೋಡಿ."

"ಆ ತಂತಿ ಪ್ರಿಂಟರ್‌ದು ಅಂತ ಇಂಜಿನಿಯರ್ ಹೇಳಿರಲಿಲ್ವಾ?"

"ಪ್ರಿಂಟರು ಕೇಳಿದ ದಿನ ಬಿಟ್ಕೊಡ್ತೀನಿ."

ನಾನು ಕುರ್ಚಿಯಿಂದ ಏಳಲಿಲ್ಲ. ಸರ್ ಆಳುಗಳ ಕಡೆ ತಿರುಗಿ, "ಹಾಕ್ರೋ ಪೈಪು," ಎಂದರು. ಮನಾಂಗ್ ತೊಟ್ಟಿಯ ಕಟ್ಟೆ ಏರಿ ತೂಬಿನ ಮೇಲೆಯೇ ಕೂತುಬಿಟ್ಟಳು.

"ಇಳೀರಿ ಮನಾಂಗ್," ಎಂದ ಒಬ್ಬ ಆಳು.

"ನೀನೇ ಎತ್ತಿ ಇಳಿಸು. ಎಂಬತ್ತು ಕೆಜಿ ಇದ್ದೀನಿ."

ಆ ಜಗಳದ ನಡುವೆಯೇ ಕರೆಂಟು ಹೋಯಿತು. ಕಂಪ್ಯೂಟರು ಬ್ಯಾಟರಿಯ ಮೇಲೆ ಉಳಿಯಿತು. ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು, ಪಂಪುಗಳ ಗುಂಯ್ ಸದ್ದೂ ಬಂತು. ಎಲ್ಲವೂ ತಿರುಗುತ್ತಿವೆ ಎಂದೇ ಎಲ್ಲರೂ ಅಂದುಕೊಂಡೆವು. ಆಗ ಕಂಪ್ಯೂಟರು ಕೂಗಿತು. ಮೊದಲೆರಡು ಅಂಕಿಗಳು ಏರುತ್ತಿದ್ದವು. ಮೂರನೆಯದು ಮಾತ್ರ ಇಳಿಯುತ್ತಿತ್ತು.

"ಮನಾಂಗ್, ಮೂರು!"

ಅವಳು ಕಟ್ಟೆಯಿಂದ ಧುಮುಕಿ, ಮಂಡಿ ನೋವು ಮರೆತು ಓಡಿ ಪಂಪಿಗೆ ಒದ್ದಳು. ಎರಡನೇ ಒದೆತಕ್ಕೆ ಅದು ತಿರುಗಿತು. ಅಂಕಿ ನಿಂತಿತು, ನಿಧಾನವಾಗಿ ಏರತೊಡಗಿತು. ಸರ್ ಪರದೆಯ ಮೂರು ಅಂಕಿಗಳನ್ನೂ ಬೆರಳಿಟ್ಟು ಓದಿದರು.

"ಪೈಪು ವಾಪಸ್ ತಗೊಂಡ್ಹೋಗಿ," ಎಂದರು ಆಳುಗಳಿಗೆ. ಆಮೇಲೆ ನನಗೆ, "ಸೀಲು ಒಡೆದದ್ದಕ್ಕೆ ಕ್ಷಮೆ ಕೇಳಿ ಆ ಕಂಪನಿಗೊಂದು ಪತ್ರ ಬರೀರಿ."

ಬರೆದೆ. ಪದ ಪದ ತೂಗಿ, ಮೂರು ಸಲ ತಿದ್ದಿ ಬರೆದೆ. ಸೀಲನ್ನು ನಾನೇ ತೆರೆದೆ, ಕಾರ್ಡನ್ನು ಏಳನೇ ತಂತಿಗೆ ಹಾಕಿದ್ದೇನೆ, ಪ್ರಿಂಟರು ಸರಿಯಾಗಿ ನಡೆಯುತ್ತಿದೆ, ನಿಮ್ಮ ಪುಸ್ತಕ ತಿದ್ದಿಕೊಳ್ಳಿ. ಕ್ಷಮೆ ಎಂಬ ಪದ ಎಲ್ಲಿಯೂ ಬಾರದಂತೆ ನೋಡಿಕೊಂಡೆ. ಅದೇ ಪ್ರಿಂಟರಿನಲ್ಲಿ, ಮೂರು ತೊಟ್ಟಿಗಳೂ ಓದಿಸಿಕೊಳ್ಳುತ್ತಿದ್ದಾಗಲೇ, ಅಚ್ಚು ಹಾಕಿ ಸಹಿ ಮಾಡಿದೆ.